ಕೊಂಡ ಮೇಲೆಯೂ ಬದಲಾಗುವ ಗಾಡಿ



ಬೆಂಗಳೂರಿನಿಂದ ತುಮಕೂರಿಗೆ ಹೋಗುವ ಹೆದ್ದಾರಿಯಲ್ಲಿ ದಾಬಸ್‌ಪೇಟೆಯನ್ನು ದಾಟಿ, ಎಡಗಡೆಯ ಶಿವಗಂಗೆಯನ್ನು ಹಿಂದೆ ಬಿಟ್ಟು, ಬಲಗಡೆಗೆ ದೇವರಾಯನದುರ್ಗದ ಬೆಟ್ಟಸಾಲನ್ನು ನೋಡುತ್ತ ಸಾಗುವವರಿಗೆ, ಜಿಲ್ಲೆಯ ಮುಖ್ಯಪಟ್ಟಣ ಇನ್ನೇನು ಬಂತು ಎನ್ನುವಷ್ಟರಲ್ಲಿ ಸಿಕ್ಕುವ ಊರು ಹಿರೇಹಳ್ಳಿ. ಹಲಸಿನ ಕಸಿಗಿಡಗಳಿಗೆ ಹೆಸರಾದ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರವೂ, ಕೈಗಾರಿಕಾ ಪ್ರದೇಶದ ತಗಡಿನ ಛಾವಣಿಗಳೂ, ಹಳೆಯ ರೈಲು ನಿಲ್ದಾಣವೂ ಒಂದೇ ಊರಿನ ಹೆಸರನ್ನು ಹಂಚಿಕೊಂಡು ಬಾಳುತ್ತಿರುವ ಈ ಸ್ಥಳದ ಆಸುಪಾಸಿನಲ್ಲಿ, ಹೆದ್ದಾರಿಯ ಬದಿಯ ಹೋಟೆಲುಗಳ ಅಂಗಳದಲ್ಲಿ ವಿದ್ಯುತ್ ಕಾರುಗಳಿಗೆ ಚಾರ್ಜು ಹಾಕುವ ಪೆಟ್ಟಿಗೆಗಳು ನಿಂತಮೇಲೆ, ಯಾರೂ ಕರೆಯದ, ಯಾರೂ ಅಧ್ಯಕ್ಷರಲ್ಲದ ಹೊಸತೊಂದು ಬಗೆಯ ಸಭೆ ತಾನಾಗಿಯೇ ಕೂಡತೊಡಗಿದೆ. ಪೆಟ್ರೋಲು ಹಾಕಿಸುವವನು ಐದು ನಿಮಿಷದಲ್ಲಿ ಹೊರಟುಹೋಗುತ್ತಾನೆ. ಪಕ್ಕದವನ ಮುಖವನ್ನು ನೋಡುವಷ್ಟು ವ್ಯವಧಾನವೂ ಅವನಿಗಿಲ್ಲ. ವಿದ್ಯುತ್ ಕಾರಿನವನಾದರೋ ಮುಕ್ಕಾಲು ಗಂಟೆಯಾದರೂ ಕೂರಬೇಕು. ಕೂತಮೇಲೆ ಮಾತಾಡದೆ ಇರಲು ನಮ್ಮ ತುಮಕೂರು ಸೀಮೆಯವರಿಗೆ ಸಾಧ್ಯವೆ? ಮಳೆ, ಕೊಬ್ಬರಿಯ ಧಾರಣೆ, ರಾಜಕೀಯ ಇವೆಲ್ಲವೂ ಎರಡನೆಯ ಸುತ್ತಿನ ವಿಷಯಗಳು. ಮೊದಲ ಸುತ್ತಿನ ಪ್ರಶ್ನೆ, ನಾನು ಕೇಳಿದ ಮಟ್ಟಿಗೆ, ಒಂದೇ: ‘ನಿಮ್ದಕ್ಕೆ ಹೊಸ ಅಪ್‌ಡೇಟ್ ಬಂತಾ ಸಾರ್?’

ಈ ಪ್ರಶ್ನೆಯಲ್ಲಿ ಅಡಗಿರುವ ವಿಚಾರವೇ ಈ ದಿನದ ನನ್ನ ಭಾಷಣದ ವಸ್ತು. ನಮ್ಮ ಹಿರಿಯರು ಕೊಂಡು ತಂದ ಪದಾರ್ಥಗಳು ಅಂಗಡಿಯ ಹೊಸ್ತಿಲನ್ನು ದಾಟಿದ ಗಳಿಗೆಗೆ ಪೂರ್ಣವಾಗಿರುತ್ತಿದ್ದುವು. ಅಲ್ಲಿಂದಾಚೆಗೆ ಅವುಗಳಿಗೆ ಸವೆತವಲ್ಲದೆ ಬೇರೆ ಗತಿಯಿರಲಿಲ್ಲ. ಆ ಸವೆತವನ್ನು ತಡೆಯುವ ರಿಪೇರಿಯೂ ಯಜಮಾನನು ಬಯಸಿದಾಗ, ಅವನ ಕಣ್ಣೆದುರಿನಲ್ಲಿ, ಅವನು ಗೊತ್ತುಮಾಡಿದ ಕೂಲಿಗೆ ನಡೆಯುತ್ತಿತ್ತು. ಈಗಿನ ವಿದ್ಯುತ್ ಕಾರು ಹಾಗಲ್ಲ. ನನ್ನ ಈ ಮಾತುಗಳು ಯಾವ ಆಕಾಶಮಾರ್ಗವಾಗಿ ನಿಮ್ಮನ್ನು ಮುಟ್ಟುತ್ತಿವೆಯೋ ಅಂಥದೇ ಮಾರ್ಗವಾಗಿ, ಮನೆಯವರೆಲ್ಲ ಮಲಗಿರುವ ಹೊತ್ತಿನಲ್ಲಿ, ಅಂಗಳದಲ್ಲಿ ನಿಂತ ಗಾಡಿಗೆ ದೂರದ ಕಚೇರಿಯಿಂದ ಅಪ್ಪಣೆ ಬರುತ್ತದೆ. ಬೆಳಗ್ಗೆ ಯಜಮಾನನು ಬಾಗಿಲು ತೆರೆದು ಕೂತಾಗ ಬಣ್ಣ, ಚಕ್ರ, ನೋಂದಣಿ ಸಂಖ್ಯೆ ಎಲ್ಲವೂ ನಿನ್ನೆಯವೇ ಆಗಿದ್ದು, ಗಾಡಿಯ ನಡತೆ ಮಾತ್ರ ಬೇರೆಯಾಗಿರುತ್ತದೆ. ಮದುವೆ ಮಾಡಿ ಕಳುಹಿಸಿದ ಮಗಳ ಮನೆಗೆ ತವರಿನವರು ರಾತ್ರಿ ಬಂದು, ಅಡಿಗೆಮನೆಯ ಡಬ್ಬಿಗಳನ್ನೆಲ್ಲ ತಮಗೆ ಸರಿತೋರಿದಂತೆ ಜೋಡಿಸಿಟ್ಟು, ಹೇಳದೆ ಹೊರಟುಹೋದ ಹಾಗೆ. ಜೋಡಣೆ ಮೊದಲಿಗಿಂತ ಮೇಲಾಗಿಯೇ ಇರಬಹುದು. ಆದರೆ ಮೆಣಸಿನ ಡಬ್ಬಿ ಎಲ್ಲಿ ಹೋಯಿತೆಂದು ಹುಡುಕುವವಳು ಆ ಮನೆಯ ಹೆಣ್ಣುಮಗಳು.

ಈ ವಿಚಾರ ಪಶ್ಚಿಮದಿಂದ ನಮಗೆ ಬಂದುದೆಂದು ಭಾವಿಸುವವರು ಬಹುಮಂದಿ. ಕರ್ನಾಟಕದ ಮಟ್ಟಿಗೆ ಅದು ಪೂರ್ತಿ ಸತ್ಯವಲ್ಲ. 1994ರಲ್ಲಿ ಬೆಂಗಳೂರಿನ ಮೈನಿ ಸಮೂಹವೂ ಕ್ಯಾಲಿಫೋರ್ನಿಯದ ಅಮೆರಿಗಾನ್ ಸಂಸ್ಥೆಯೂ ಕೂಡಿ ಸ್ಥಾಪಿಸಿದ, ಚೇತನ್ ಮೈನಿಯವರು ಮುನ್ನಡೆಸಿದ ಸಂಸ್ಥೆಯ ‘ರೇವಾ’ ಎಂಬ ಪುಟ್ಟ ವಿದ್ಯುತ್ ಕಾರು 2001ರಲ್ಲಿ ಬೆಂಗಳೂರಿನ ಬೀದಿಗಳಿಗೆ ಇಳಿದುದನ್ನು ನಿಮ್ಮಲ್ಲಿ ಕೆಲವರಾದರೂ ಬಲ್ಲಿರಿ. ಎರಡೇ ಬಾಗಿಲು, ಆಸನದಡಿಯಲ್ಲಿ ಆರಾರು ವೋಲ್ಟಿನ ಎಂಟು ಸೀಸ-ಆಮ್ಲದ ಬ್ಯಾಟರಿಗಳು, ಒಂದು ಸಲ ಚಾರ್ಜು ತುಂಬಿದರೆ 80 ಕಿಲೋಮೀಟರುಗಳ ಓಟ. ಲಂಡನ್ನಿನ ಜನ ಅದನ್ನು ‘ಜಿ-ವಿಜ್’ ಎಂಬ ಹೆಸರಿನಿಂದ ಓಡಿಸಿದರು. ಕೆಲವರು ಹಾಸ್ಯವನ್ನೂ ಮಾಡಿದರು. ಬೆಂಗಳೂರಿನಿಂದ ತುಮಕೂರಿಗೆ ಸುಮಾರು 70 ಕಿಲೋಮೀಟರು ದಾರಿಯಾದುದರಿಂದ, ಆ ಕಾಲದ ರೇವಾ ಗಾಡಿಯವನೊಬ್ಬ ಧೈರ್ಯಮಾಡಿ ಇತ್ತ ಹೊರಟಿದ್ದರೆ, ಹಿರೇಹಳ್ಳಿಯ ಹೊತ್ತಿಗೆ ಅವನ ಕಣ್ಣು ರಸ್ತೆಯನ್ನು ಬಿಟ್ಟು ಮುಳ್ಳಿನ ಮೇಲೆಯೇ ನೆಟ್ಟಿರುತ್ತಿತ್ತೆಂಬುದರಲ್ಲಿ ಸಂದೇಹವಿಲ್ಲ.

ಈ ಭಯಕ್ಕೆ ಔಷಧವಾಗಿ 2009ರಲ್ಲಿ ಅದೇ ಬೆಂಗಳೂರಿನ ಸಂಸ್ಥೆ ಫ್ರಾಂಕ್‌ಫರ್ಟಿನ ವಾಹನ ಪ್ರದರ್ಶನದಲ್ಲಿ ‘ರಿವೈವ್’ ಎಂಬ ಉಪಾಯವನ್ನು ಪ್ರಕಟಿಸಿತು. ಬ್ಯಾಟರಿ ಬರಿದಾಗಿ ದಾರಿಯಲ್ಲಿ ನಿಲ್ಲುವ ಪ್ರಸಂಗ ಬಂದಾಗ, ಚಾಲಕನು ಸಂಸ್ಥೆಯ ಗ್ರಾಹಕ ಕೇಂದ್ರಕ್ಕೆ ದೂರವಾಣಿ ಮಾಡಿದರೆ ಅಥವಾ ಒಂದು ಎಸ್ಸೆಮ್ಮೆಸ್ ಕಳುಹಿಸಿದರೆ, ಅಲ್ಲಿಯವರು ಬ್ಯಾಟರಿಯ ಸ್ಥಿತಿಯನ್ನು ದೂರದಿಂದಲೇ ಪರೀಕ್ಷಿಸಿ, ಒಳಗೆ ಕಾದಿರಿಸಿದ್ದ ಶಕ್ತಿಯ ಬೀಗವನ್ನು ತೆಗೆಯುವರು. ಗಾಡಿ ಇನ್ನಷ್ಟು ದೂರ ಓಡಿ ಮನೆ ಸೇರುವುದು. ಇದಾದ ಎಂಟು ವರ್ಷಗಳ ತರುವಾಯ, 2017ರ ಸೆಪ್ಟೆಂಬರಿನಲ್ಲಿ, ಫ್ಲಾರಿಡ ಪ್ರಾಂತಕ್ಕೆ ಇರ್ಮಾ ಎಂಬ ಚಂಡಮಾರುತ ಅಪ್ಪಳಿಸಲಿದ್ದಾಗ, ಟೆಸ್ಲಾ ಸಂಸ್ಥೆ ತನ್ನ ಕೆಲವು ಕಾರುಗಳಲ್ಲಿ ತಂತ್ರಾಂಶದಿಂದ ಕಟ್ಟಿಹಾಕಿದ್ದ ಬ್ಯಾಟರಿಯ ಅಂಶವನ್ನು ದೂರದಿಂದಲೇ ಬಿಡಿಸಿಕೊಟ್ಟು, ಊರು ಬಿಟ್ಟು ಹೊರಟವರಿಗೆ ಕೆಲವು ದಿನದ ಮಟ್ಟಿಗೆ ಹೆಚ್ಚಿನ ಓಟವನ್ನು ಒದಗಿಸಿದಾಗ ಜಗತ್ತೆಲ್ಲ ಬೆರಗಾಯಿತು. ರೇವಾ ತಯಾರಿಸಿದ ನಮ್ಮ ಬೊಮ್ಮಸಂದ್ರದವರಿಗೆ ಅದರಲ್ಲಿ ಬೆರಗಾಗುವಂಥದೇನೂ ಇರಲಿಲ್ಲ.

ಉಪಕಾರವೇ ಹೌದು, ಆದರೆ ಈ ಎರಡು ದೃಷ್ಟಾಂತಗಳನ್ನು ಒಟ್ಟಿಗೆ ಇಟ್ಟು ನೋಡಿದವರಿಗೆ ಇನ್ನೊಂದು ಸಂಗತಿಯೂ ಹೊಳೆಯದಿರದು. ಬೀಗವನ್ನು ದೂರದಿಂದ ತೆಗೆಯಬಲ್ಲವನು ದೂರದಿಂದ ಹಾಕಲೂ ಬಲ್ಲನು. 2018ರಲ್ಲಿ ಟೆಸ್ಲಾದ ಮಾಡೆಲ್ 3 ಕಾರು ಗಂಟೆಗೆ 60 ಮೈಲಿ ವೇಗದಿಂದ ಪೂರ್ಣ ನಿಲ್ಲಲು 152 ಅಡಿ ತೆಗೆದುಕೊಳ್ಳುವುದೆಂದು ಅಮೆರಿಕದ ‘ಕನ್ಸ್ಯೂಮರ್ ರಿಪೋರ್ಟ್ಸ್’ ಪತ್ರಿಕೆ ಆಕ್ಷೇಪಿಸಿದಾಗ, ಸಂಸ್ಥೆಯವರು ಒಂದು ತಿರುಪನ್ನೂ ಮುಟ್ಟದೆ, ಕೆಲವೇ ದಿನಗಳಲ್ಲಿ ತಂತ್ರಾಂಶವನ್ನು ಕಳುಹಿಸಿ ಆ ಅಂತರವನ್ನು 133 ಅಡಿಗೆ ಇಳಿಸಿದರು. ಮರುವರ್ಷ ಅದೇ ಸಂಸ್ಥೆಯ ಇನ್ನೊಂದು ತಂತ್ರಾಂಶ ಕೆಲವು ಹಳೆಯ ಮಾಡೆಲ್ ಎಸ್ ಕಾರುಗಳ ಬ್ಯಾಟರಿಯನ್ನು ಪೂರ್ತಿ ತುಂಬದಂತೆ ಬಿಗಿಹಿಡಿಯಿತು. ಓಟ ಕುಗ್ಗಿದ ಮಾಲೀಕರು ನ್ಯಾಯಾಲಯದ ಮೆಟ್ಟಿಲೇರಿದರು. 2021ರಲ್ಲಿ 15 ಲಕ್ಷ ಡಾಲರುಗಳಿಗೆ ರಾಜಿಯಾಯಿತು. ಕೊಟ್ಟ ಕೈಯೂ ಕಸಿದ ಕೈಯೂ ಒಂದೇ; ಮಾರ್ಗವೂ ಒಂದೇ.

ನಮ್ಮ ದೇಶದಲ್ಲಿಯೂ ಇದಕ್ಕೆ ಶುಭವಾದ ಉದಾಹರಣೆಯೊಂದುಂಟು. ಟಾಟಾ ಸಂಸ್ಥೆಯವರು 2022ರ ಮೇ ತಿಂಗಳಲ್ಲಿ ಹೊರತಂದ ನೆಕ್ಸಾನ್ ಇವಿ ಮ್ಯಾಕ್ಸ್ ಎಂಬ ಕಾರಿಗೆ ಪರೀಕ್ಷಾಕ್ರಮದ ಪ್ರಕಾರ 437 ಕಿಲೋಮೀಟರುಗಳ ಓಟವೆಂದು ಘೋಷಿಸಿದ್ದರು. 2023ರ ಆರಂಭದಲ್ಲಿ ಅದನ್ನು 453ಕ್ಕೆ ಏರಿಸಿ, ಅದಾಗಲೇ ಕೊಂಡಿದ್ದವರೂ ಫೆಬ್ರವರಿ 15ರಿಂದ ಮಾರಾಟಗಾರರ ಬಳಿಗೆ ಗಾಡಿಯನ್ನು ತಂದರೆ ತಂತ್ರಾಂಶವನ್ನು ಬದಲಿಸಿಕೊಡುವುದಾಗಿ ತಿಳಿಸಿದರು. ಬ್ಯಾಟರಿ ಹಳೆಯದೇ, ಮೋಟಾರು ಹಳೆಯದೇ. 16 ಕಿಲೋಮೀಟರು ಹೆಚ್ಚಿಗೆ. ಹಿರೇಹಳ್ಳಿಯಿಂದ ತುಮಕೂರಿಗೆ ಹೋಗಿ ಬರುವುದಕ್ಕೆ ಸಾಲದಿದ್ದರೂ, ಹೋಗುವುದಕ್ಕಂತೂ ಧಾರಾಳವಾಯಿತು. ಇಲ್ಲಿ ಗಮನಿಸತಕ್ಕ ವಿಶೇಷವೆಂದರೆ, ಹೇಳಿ ಕರೆದು, ಒಪ್ಪಿ ಬಂದವರಿಗೆ ಮಾಡಿಕೊಟ್ಟದ್ದು.

ಇನ್ನು ಹೋಟೆಲಿನ ಅಂಗಳದ ಸಭೆಗೆ ಬರೋಣ. ಒಂದು ಸಂಜೆ ಅಲ್ಲಿ ಮೂವರಿದ್ದರು: ಗುಬ್ಬಿಯ ಕಡೆಯ ತೆಂಗಿನ ತೋಟದ ಯಜಮಾನರೊಬ್ಬರು, ಕುಣಿಗಲಿನ ನಿವೃತ್ತ ಉಪಾಧ್ಯಾಯರೊಬ್ಬರು, ವಸಂತನರಸಾಪುರದ ಕಾರ್ಖಾನೆಯಲ್ಲಿ ಉದ್ಯೋಗದಲ್ಲಿರುವ ತರುಣ ಇಂಜಿನಿಯರೊಬ್ಬ. ತೋಟದವರ ದೂರು ಹೀಗಿತ್ತು: ‘ಅಪ್‌ಡೇಟ್ ಆದ್ಮೇಲೆ ಕಾಲು ತೆಗೆದ್ರೆ ಸಾಕು, ಗಾಡಿ ನಿಂತೇ ಬಿಡ್ತದೆ ಸ್ವಾಮಿ. ಮೊದ್ಲು ಹಿಂಗಿರ್ಲಿಲ್ಲ. ನಮ್ಮನೆಯವರಿಗೆ ವಾಂತಿ ಬಂದಂಗಾಗ್ತದೆ, ಗಾಡಿ ಹತ್ತಲ್ಲ ಅಂತಾರೆ.’ ತರುಣನು ನಕ್ಕು, ‘ರೀಜೆನ್ ಜಾಸ್ತಿ ಮಾಡವ್ರೆ ಯಜಮಾನ್ರೇ, ಲೆವೆಲ್ ಒಂದಕ್ಕಿಳಿಸ್ಕಳಿ’ ಎಂದು, ಪರದೆಯ ಮೇಲೆ ಮೂರು ನಾಲ್ಕು ಕಡೆ ಒತ್ತಿ ಆ ಜಾಗವನ್ನು ತೋರಿಸಿಕೊಟ್ಟನು. ಆಕ್ಸಿಲರೇಟರಿನಿಂದ ಕಾಲು ತೆಗೆದಾಗ ವಿದ್ಯುತ್ ಕಾರಿನ ಮೋಟಾರು ಡೈನಮೋ ಆಗಿ ತಿರುಗಿ, ಗಾಡಿಯ ವೇಗವನ್ನೇ ವಿದ್ಯುತ್ತಾಗಿಸಿ ಬ್ಯಾಟರಿಗೆ ಮರಳಿಸುತ್ತದೆ. ಆಗ ಗಾಡಿ ತಾನಾಗಿ ನಿಧಾನಿಸುತ್ತದೆ. ಎಷ್ಟು ಮರಳಿಸಬೇಕು, ಎಷ್ಟು ನಿಧಾನಿಸಬೇಕು ಎಂಬುದನ್ನು ನಿಶ್ಚಯಿಸುವುದು ತಂತ್ರಾಂಶದ ಒಂದು ಅಂಕೆ. ಆ ಅಂಕೆಯನ್ನು ಯಾರೋ ದೂರದಲ್ಲಿ ಕೂತು ತಿದ್ದಿದ್ದರಿಂದ ಗುಬ್ಬಿ ತಾಲ್ಲೂಕಿನ ಒಂದು ಸಂಸಾರದಲ್ಲಿ ಮೂರು ದಿನ ಮುನಿಸು ನಡೆದಿತ್ತೆಂಬುದು ಆ ಕಚೇರಿಗೆ ಎಂದಾದರೂ ತಿಳಿದೀತೆ?

ಉಪಾಧ್ಯಾಯರ ಕ್ರಮ ನನಗೆ ಬಹಳ ಹಿಡಿಸಿತು. ಅವರ ಕಾರಿನ ಗೂಡಿನಲ್ಲಿ ಉದ್ದಗೆರೆಯ ಒಂದು ನೋಟ್‌ಬುಕ್ಕಿತ್ತು. ತಾರೀಖು, ತಂತ್ರಾಂಶದ ಆವೃತ್ತಿಯ ಸಂಖ್ಯೆ, ಓಡಿದ ಕಿಲೋಮೀಟರು, ಶೇಕಡ ಒಂದು ಚಾರ್ಜಿಗೆ ಬಂದ ಓಟ, ಎಸಿ ಹಾಕಿತ್ತೆ ಇಲ್ಲವೆ, ಇವಿಷ್ಟೂ ಹಾಜರಿ ಪುಸ್ತಕದ ಅಕ್ಷರದಲ್ಲಿ. ಆವೃತ್ತಿ ಬದಲಾದ ಕಡೆಯೆಲ್ಲ ಕೆಂಪುಶಾಯಿಯ ಗೆರೆ. ಒಂದು ಕೆಂಪುಗೆರೆಯ ಕೆಳಗೆ ಓಟ ಕುಗ್ಗಿರುವುದು ಎದ್ದು ಕಾಣುತ್ತಿತ್ತು. ‘ಸರ್ವೀಸಿನವರು ಗಾಳಿ ಒತ್ತಡ ನೋಡ್ಕಳಿ ಅಂದ್ರು, ನೋಡ್ಕಂಡೆ. ಚಳಿಗಾಲ ಅಂದ್ರು, ಬೇಸಿಗೆ ಬಂತು. ಆಮೇಲೆ ಈ ಪುಸ್ತಕ ತೋರ್ಸಿದೆ, ಆಗ ಮಾತು ನಿಲ್ಲಿಸಿದ್ರು’ ಎಂದರು ಅವರು. ಬಳಿಕ ಸೇವಾಕೇಂದ್ರದ ಹುಡುಗನೇ ಹೇಳಿದ ಪ್ರಕಾರ ಒಂದು ಸಲ ಬಿಡುವಾಗಿ, ಮನೆಯ ನಿಧಾನದ ಚಾರ್ಜಿನಲ್ಲಿ ರಾತ್ರಿಯಿಡೀ ಹಚ್ಚಿ ನೂರಕ್ಕೆ ನೂರು ತುಂಬಿಸಿದಮೇಲೆ, ಬ್ಯಾಟರಿಯೊಳಗಿನ ಕೋಶಗಳು ಸಮತೋಲಕ್ಕೆ ಬಂದು ಲೆಕ್ಕ ಸರಿಹೋಯಿತಂತೆ. ಹಾಗಾದರೆ ಕುಂದಿದ್ದುದು ಬ್ಯಾಟರಿಯ ಬಲವಲ್ಲ; ಹೊಸ ತಂತ್ರಾಂಶವು ಆ ಬಲವನ್ನು ಅಂದಾಜು ಮಾಡುವ ರೀತಿ. ಇದನ್ನು ಮೊದಲೇ ಒಂದು ಸಾಲಿನಲ್ಲಿ ತಿಳಿಸಿದ್ದರೆ ಮೇಷ್ಟರ ಎಷ್ಟು ಶಾಯಿ ಉಳಿಯುತ್ತಿತ್ತು!

ಅಪ್‌ಡೇಟಿನ ಮಧ್ಯೆ ಪರದೆ ಕಪ್ಪಾಗಿ ನಿಂತರೆ ಏನು ಮಾಡಬೇಕೆಂಬ ವಿಷಯದಲ್ಲಿ ಆ ಸಭೆಗೆ ಏಕಾಭಿಪ್ರಾಯವಿತ್ತು. ಗಾಡಿಯನ್ನು ಓಡಿಸುವ ದೊಡ್ಡ ಬ್ಯಾಟರಿಯಲ್ಲದೆ, ಒಳಗಿನ ಗಣಕಗಳಿಗೂ ದೀಪಗಳಿಗೂ ಉಣಿಸುವ 12 ವೋಲ್ಟಿನ ಸಣ್ಣ ಬ್ಯಾಟರಿಯೊಂದು ಎಲ್ಲ ಕಾರಿನಂತೆ ಇದರಲ್ಲಿಯೂ ಇರುವುದಷ್ಟೆ. ಹತ್ತರ ಸ್ಪ್ಯಾನರು ತೆಗೆದುಕೊಂಡು ಅದರ ನೆಗೆಟಿವ್ ಟರ್ಮಿನಲ್ಲನ್ನು ಬಿಚ್ಚಿ, ಒಂದು ಕಾಫಿ ಕುಡಿದುಬಂದು, ಮತ್ತೆ ಹಾಕಿದರೆ ಬಹುಪಾಲು ರೋಗಗಳು ವಾಸಿಯಾಗುತ್ತವೆಂದು ಮೂವರೂ ಸಾಕ್ಷಿ ನುಡಿದರು. ಕಿತ್ತಳೆ ಬಣ್ಣದ ದಪ್ಪ ತಂತಿಗಳ ತಂಟೆಗೆ ಮಾತ್ರ ಹೋಗಬಾರದು; ಅಲ್ಲಿ ನೂರಾರು ವೋಲ್ಟಿನ ವಿದ್ಯುತ್ತಿದೆ. ಕೋಟ್ಯಂತರ ರೂಪಾಯಿ ವೆಚ್ಚಮಾಡಿ ಬರೆಸಿದ ತಂತ್ರಾಂಶದ ಕೊನೆಯ ಆಸರೆ ಹತ್ತರ ಸ್ಪ್ಯಾನರಾಗಿ ಉಳಿದಿರುವುದು ನನಗೇನೋ ಸಮಾಧಾನದ ವಿಷಯವೇ.

ತಂತ್ರಾಂಶ ಬರುವ ಕ್ರಮವನ್ನು ನಾಲ್ಕು ಮಾತಿನಲ್ಲಿ ಹೇಳಿಬಿಡುತ್ತೇನೆ. ಕಾರಿನೊಳಗೇ ಹುದುಗಿರುವ ಸಿಮ್ಮಿನ ಮೂಲಕವೋ ಮನೆಯ ವೈಫೈ ಮೂಲಕವೋ ಅದು ಇಳಿಯುತ್ತದೆ. ನಿಜವಾಗಿಯೂ ತಯಾರಕನೇ ಕಳುಹಿಸಿದ್ದೆ ಎಂಬುದನ್ನು ಗೂಢಲಿಪಿಯ ಮುದ್ರೆಯಿಂದ ಪರೀಕ್ಷಿಸಲಾಗುತ್ತದೆ. ಗಾಡಿ ನಿಂತಿದ್ದು, ಬ್ಯಾಟರಿಯಲ್ಲಿ ಸಾಕಷ್ಟು ಚಾರ್ಜಿದ್ದರೆ ಮಾತ್ರ ಸ್ಥಾಪನೆ ನಡೆಯುತ್ತದೆ. ಆ ಹೊತ್ತಿನಲ್ಲಿ ಗಾಡಿ ಅಲುಗದು. ಆಸ್ಪತ್ರೆಗೋ ಮುಹೂರ್ತಕ್ಕೋ ಹೊರಡುವ ಮುನ್ನ ಆ ಗುಂಡಿಯನ್ನು ಒತ್ತಬಾರದೆಂಬುದನ್ನು ಅನುಭವಿಗಳು ಹೊಸಬರಿಗೆ ಮೊದಲು ಹೇಳುವರು. ಮುದ್ರೆಯ ವಿಷಯದಲ್ಲಿಯೇ ತಪ್ಪಾಗುವುದೂ ಉಂಟು: 2023ರ ನವೆಂಬರಿನಲ್ಲಿ ಅಮೆರಿಕದ ರಿವಿಯನ್ ಸಂಸ್ಥೆಯವರು ತಪ್ಪಾದ ಭದ್ರತಾ ಪ್ರಮಾಣಪತ್ರವನ್ನು ಜೊತೆಯಿಟ್ಟು ಕಳುಹಿಸಿದ್ದರಿಂದ ಹಲವು ಗಾಡಿಗಳ ಪರದೆಗಳು ಕುರುಡಾದುವು. ಗಾಡಿಗಳೇನೋ ಓಡುತ್ತಿದ್ದುವು, ಎಷ್ಟು ವೇಗದಲ್ಲಿ ಓಡುತ್ತಿವೆಯೆಂದು ತೋರಿಸುವವರಿರಲಿಲ್ಲ.

ಇನ್ನು ಕಾರಿನೊಳಗಿನ ಬ್ರೌಸರಿನ ವಿಚಾರ. ಸಭೆಯಲ್ಲಿ ಹೆಚ್ಚು ಬಿಸಿಯೇರಿದ್ದು ಇದೇ. 2012ರ ಟೆಸ್ಲಾ ಮಾಡೆಲ್ ಎಸ್ ಕಾರಿನ 17 ಅಂಗುಲದ ಪರದೆಯಲ್ಲಿ ಬ್ರೌಸರನ್ನು ಕೊಟ್ಟಂದಿನಿಂದ, ಪರದೆಯುಳ್ಳವರಿಗೆಲ್ಲ ಅದು ಬೇಕೆಂಬ ಆಸೆ ಹುಟ್ಟಿದೆ. ನಮ್ಮಲ್ಲಿ 2019ರ ಎಂಜಿ ಹೆಕ್ಟರ್ ‘ಇಂಟರ್ನೆಟ್ ಕಾರು’ ಎಂಬ ಘೋಷಣೆಯೊಡನೆ ಬಂದು, ಮರುವರ್ಷ ಅದೇ ಸಂಸ್ಥೆಯ ವಿದ್ಯುತ್ ಕಾರು ಅದೇ ಘೋಷಣೆಯನ್ನು ಹೊತ್ತುಬಂದಿತು. 2023ರ ಸೆಪ್ಟೆಂಬರಿನ ಹೊಸ ನೆಕ್ಸಾನ್ ಇವಿಯಲ್ಲಿ ಗಾಡಿ ನಿಂತಿರುವಾಗ ಚಲನಚಿತ್ರ ನೋಡುವ, ಆಟವಾಡುವ ಅನುಕೂಲವನ್ನೇ ಒಂದು ಹೆಸರಿಟ್ಟು ಮಾರಿದರು. ತರುಣನಿಗೆ ಕ್ರಿಕೆಟ್ಟು ನೋಡಬೇಕು. ಉಪಾಧ್ಯಾಯರಿಗೆ ಇದೆಲ್ಲ ಅನರ್ಥ: ‘ಗಾಡಿ ಓಡ್ಸಕ್ಕೆ ಕೊಂಡಿದ್ದೋ, ಟಿವಿ ನೋಡಕ್ಕೋ?’ ತೋಟದ ಯಜಮಾನರು ಮಾತ್ರ ಇಬ್ಬರನ್ನೂ ಸುಮ್ಮನಾಗಿಸಿದರು. ಬ್ರೌಸರು ಸಿಕ್ಕಿದರೆ ತಾವು ನೋಡುವುದು ತಿಪಟೂರಿನ ಹರಾಜಿನಲ್ಲಿ ಅಂದಿನ ಕೊಬ್ಬರಿ ಎಷ್ಟಕ್ಕೆ ನಿಂತಿತೆಂಬುದನ್ನು. ಅದಾದಮೇಲೆ ಸರ್ಕಾರದ ಭೂದಾಖಲೆಗಳ ‘ಭೂಮಿ’ ಜಾಲತಾಣದಲ್ಲಿ ತಮ್ಮನ ಪಾಲಿನ ಪಹಣಿಯನ್ನು. ಮೊಬೈಲಿನ ಅಕ್ಷರ ಅವರ ಕಣ್ಣಿಗೆ ಹತ್ತುವುದಿಲ್ಲ. ಕಾರಿನ ಪರದೆ ಅಗಲವಾಗಿದೆ. ಹೇಗಿದ್ದರೂ ಮುಕ್ಕಾಲು ಗಂಟೆ ಕೂತಿರಬೇಕು. ಬ್ರೌಸರಿನ ಪರವಾಗಿ ಇದಕ್ಕಿಂತ ಬಲವಾದ ವಾದವನ್ನು ನಾನು ಬೇರೆಲ್ಲಿಯೂ ಕೇಳಿಲ್ಲ. ಪೆಟ್ರೋಲು ಕಾರಿನಲ್ಲಿ ಬ್ರೌಸರು ನಿಜವಾಗಿಯೂ ಚಪಲವೇ; ಕಾಯುವಿಕೆಯೇ ಪ್ರಯಾಣದ ಭಾಗವಾಗಿರುವ ವಿದ್ಯುತ್ ಕಾರಿನಲ್ಲಿ ಅದಕ್ಕೊಂದು ನ್ಯಾಯವಾದ ಸ್ಥಾನವಿದೆ.

ಆ ಸ್ಥಾನ ಗಾಡಿ ನಿಂತಿರುವಾಗಿನದು ಮಾತ್ರ. 2020ರ ಡಿಸೆಂಬರಿನ ಅಪ್‌ಡೇಟೊಂದರಿಂದ ಟೆಸ್ಲಾ ಕಾರುಗಳಲ್ಲಿ ಗಾಡಿ ಓಡುತ್ತಿರುವಾಗಲೂ ಮುಂದಿನ ಪರದೆಯಲ್ಲಿ ಆಟವಾಡಲು ಸಾಧ್ಯವಾಗಿತ್ತು. ಒಂದು ವರ್ಷದ ಬಳಿಕ ಅಲ್ಲಿಯ ರಸ್ತೆ ಸುರಕ್ಷತಾ ಇಲಾಖೆ ವಿಚಾರಣೆಯನ್ನು ಆರಂಭಿಸಿದ ಕೂಡಲೆ ಸಂಸ್ಥೆ ಅದನ್ನು ನಿಲ್ಲಿಸಲು ಒಪ್ಪಿತು, ಅದೂ ಅಪ್‌ಡೇಟಿನಿಂದಲೇ. ನಮ್ಮ ಮೋಟಾರು ವಾಹನ ಕಾಯಿದೆಯ 184ನೆಯ ಪ್ರಕರಣಕ್ಕೆ 2019ರಲ್ಲಿ ತಂದ ತಿದ್ದುಪಡಿ, ಕೈಯಲ್ಲಿ ಹಿಡಿದ ಸಂಪರ್ಕ ಸಾಧನವನ್ನು ಚಾಲನೆಯ ವೇಳೆ ಬಳಸುವುದನ್ನು ಅಪಾಯಕಾರಿ ಚಾಲನೆಯೆಂದು ಹೆಸರಿಸಿ ಹೇಳಿದೆ. ಕಾರಿನ ಪರದೆಯನ್ನು ಯಾರೂ ಕೈಯಲ್ಲಿ ಹಿಡಿದಿರುವುದಿಲ್ಲವೆಂದು ವಾದಿಸುವ ಜಾಣರು ಹುಟ್ಟಿಕೊಂಡಾರು. ಕ್ಯಾತ್ಸಂದ್ರದ ಟೋಲಿನ ಬಳಿ ಮುಂದಿನ ಲಾರಿ ಥಟ್ಟನೆ ನಿಂತಾಗ ಆ ವಾದ ಕೆಲಸಕ್ಕೆ ಬಾರದು.

ಬ್ರೌಸರಿಗೆ ಇನ್ನೊಂದು ಬಗೆಯ ಅಪಾಯವೂ ಅಂಟಿಕೊಂಡಿದೆ. ಅದು ಹೊರಗಿನ ಜಗತ್ತಿಗೆ ತೆರೆದ ಕಿಟಕಿಯಾದ್ದರಿಂದ ಹೊರಗಿನವರು ಇಣುಕಲೂ ಬಹುದು. 2019ರ ಮಾರ್ಚಿನಲ್ಲಿ ವ್ಯಾಂಕೂವರಿನಲ್ಲಿ ನಡೆದ ‘ಪ್ವನ್‌ಟುಓನ್’ ಎಂಬ ಭೇದನ ಸ್ಪರ್ಧೆಯಲ್ಲಿ ಅಮತ್ ಕಾಮಾ, ರಿಚರ್ಡ್ ಝು ಎಂಬಿಬ್ಬರು ಮಾಡೆಲ್ 3 ಕಾರಿನ ಬ್ರೌಸರಿನಲ್ಲಿದ್ದ ದೋಷವೊಂದರ ಮೂಲಕ ಒಳಹೊಕ್ಕು, ಪರದೆಯ ಮೇಲೆ ತಮ್ಮ ಸಂದೇಶವನ್ನು ಮೂಡಿಸಿ, 35,000 ಡಾಲರುಗಳ ಜೊತೆಗೆ ಆ ಕಾರನ್ನೇ ಬಹುಮಾನವಾಗಿ ಮನೆಗೆ ಕೊಂಡೊಯ್ದರು. ಅವರು ತಲುಪಿದ್ದು ಬ್ರೌಸರಿನವರೆಗೆ ಮಾತ್ರ; ಚಕ್ರ, ಬ್ರೇಕುಗಳ ಗಣಕಗಳು ಬೇರೆ ಗೋಡೆಯ ಆಚೆಗಿದ್ದುವು. ಅದಕ್ಕೆ ನಾಲ್ಕು ವರ್ಷ ಮುಂಚೆ, 2015ರಲ್ಲಿ, ಚಾರ್ಲಿ ಮಿಲ್ಲರ್ ಮತ್ತು ಕ್ರಿಸ್ ವ್ಯಾಲಸೆಕ್ ಎಂಬಿಬ್ಬರು ಹೆದ್ದಾರಿಯಲ್ಲಿ ಓಡುತ್ತಿದ್ದ ಜೀಪ್ ಚೆರೋಕಿಯೊಂದರ ಸಂಗೀತದ ಪೆಟ್ಟಿಗೆಯ ದಾರಿಯಿಂದ ಒಳಹೊಕ್ಕಾಗ ಆ ಗೋಡೆ ಸಾಲಲಿಲ್ಲ. ಗಾಡಿಯ ವೇಗವನ್ನೇ ಅವರು ಮನೆಯಲ್ಲಿ ಕೂತು ಕುಗ್ಗಿಸಿದರು. ಆಗ 14 ಲಕ್ಷ ವಾಹನಗಳನ್ನು ಸರಿಪಡಿಸಬೇಕಾಯಿತು. ಪೆಟ್ರೋಲಿನ ಗಾಡಿಗೂ ಈ ಭಯವುಂಟೆಂಬುದು ಇದರಿಂದ ಸ್ಪಷ್ಟ. ಆದುದರಿಂದ ಅಪ್‌ಡೇಟೇ ಬೇಡವೆಂದು ಮೊಂಡು ಹಿಡಿಯುವ ಹಿರಿಯರಿಗೆ ನನ್ನ ವಿನಂತಿಯಿಷ್ಟೆ: ಬ್ರೌಸರು ಇರುವ ಕಾರಿನಲ್ಲಿ ಭದ್ರತೆಯ ತಿದ್ದುಪಡಿಗಳನ್ನು ನಿರಾಕರಿಸುವುದು ತರವಲ್ಲ.

ಹಾಗಾದರೆ ನನ್ನ ತಕರಾರಾದರೂ ಏನು? ಬದಲಾವಣೆಯ ಮೇಲೆ ಅಲ್ಲ. ಹೇಳದೆ ಮಾಡುವ ಬದಲಾವಣೆಯ ಮೇಲೆ. ಪರದೆಯ ಮೇಲೆ ಬರುವ ಸೂಚನೆಯನ್ನು ಉಪಾಧ್ಯಾಯರು ತೋರಿಸಿದರು. ಇಂಗ್ಲಿಷಿನಲ್ಲಿ ಒಂದೇ ಸಾಲು: ಕೆಲವು ದೋಷಗಳನ್ನು ಸರಿಪಡಿಸಲಾಗಿದೆ, ಕಾರ್ಯಕ್ಷಮತೆಯನ್ನು ಉತ್ತಮಪಡಿಸಲಾಗಿದೆ. ಯಾವ ದೋಷ? ಯಾರ ಕ್ಷಮತೆ? ಅದರ ಕೆಳಗೆ ಒಪ್ಪಿಗೆಯ ಗುಂಡಿ. ಒಂದು ಎಕರೆ ಖುಷ್ಕಿಯನ್ನು ಕ್ರಯಕ್ಕೆ ಬರೆದುಕೊಡುವಾಗ ಚಕ್ಕುಬಂದಿಯನ್ನು ನಾಲ್ಕು ದಿಕ್ಕಿಗೂ ಓದಿಸಿ ಕೇಳುವ ನಮ್ಮ ರೈತರು, ಹದಿನೈದು ಲಕ್ಷ ರೂಪಾಯಿಯ ಗಾಡಿಯಲ್ಲಿ ಏನನ್ನು ಒಪ್ಪಿಕೊಳ್ಳುತ್ತಿರುವರೆಂಬುದನ್ನು ಅರಿಯದೆ ಬೆರಳನ್ನು ಒತ್ತುತ್ತಿದ್ದಾರೆ. ವಿಶ್ವಸಂಸ್ಥೆಯ ಯೂರೋಪಿನ ಆರ್ಥಿಕ ಆಯೋಗದ 156ನೆಯ ನಿಯಮಾವಳಿ 2021ರ ಜನವರಿಯಿಂದ ಜಾರಿಯಲ್ಲಿದೆ. ಅಪ್‌ಡೇಟಿನ ಉದ್ದೇಶವೇನು, ಅದರಿಂದ ಏನು ಬದಲಾಗುವುದು, ಎಷ್ಟು ಹೊತ್ತು ಹಿಡಿಯುವುದೆಂಬುದನ್ನು ಬಳಸುವವನಿಗೆ ಮುಂಚಿತವಾಗಿ ತಿಳಿಸಬೇಕೆಂದೂ, ಮಧ್ಯೆ ಕೆಟ್ಟರೆ ಗಾಡಿ ಹಿಂದಿನ ಸ್ಥಿತಿಗಾದರೂ ಸುರಕ್ಷಿತ ಸ್ಥಿತಿಗಾದರೂ ಮರಳಬೇಕೆಂದೂ ಅದು ವಿಧಿಸುತ್ತದೆ. ಇದೇ ಜಾಡಿನ ಮಾನಕವನ್ನು ನಮ್ಮ ದೇಶದಲ್ಲಿಯೂ ಸಿದ್ಧಪಡಿಸುವ ಕೆಲಸ ನಡೆದಿದೆ. ಅದರಲ್ಲಿ ಒಂದು ಮಾತನ್ನು ಸೇರಿಸಬೇಕೆಂಬುದು ನನ್ನ ಆಶೆ: ಆ ಸೂಚನೆ ಗಾಡಿ ನೋಂದಣಿಯಾದ ರಾಜ್ಯದ ಭಾಷೆಯಲ್ಲಿರಬೇಕು. ಕನ್ನಡದ ಅಕ್ಷರಗಳು 1991ರಿಂದಲೂ ಯೂನಿಕೋಡಿನಲ್ಲಿವೆ. ಗುಬ್ಬಿಯ ಯಜಮಾನರು ಪಹಣಿಯನ್ನು ಕನ್ನಡದಲ್ಲಿ ಓದಬಯಸುವ ಪರದೆಯ ಮೇಲೆ ಅವರ ಗಾಡಿಯ ಸುದ್ದಿಯೂ ಕನ್ನಡದಲ್ಲಿ ಬರುವುದಕ್ಕೆ ತಾಂತ್ರಿಕವಾದ ಅಡ್ಡಿ ಯಾವುದೂ ಇಲ್ಲ.

ಹೀಗಿರುವಾಗ ಗಾಡಿಯ ಒಡೆತನ ಯಾರದೆಂಬ ಪ್ರಶ್ನೆಗೆ ನಮ್ಮ ಜಿಲ್ಲೆಯಲ್ಲಿಯೇ ಒಂದು ಮಾದರಿಯಿದೆ. ಪಾವಗಡದ ಸೌರ ಉದ್ಯಾನದಲ್ಲಿ ಸುಮಾರು 13,000 ಎಕರೆಗಳಲ್ಲಿ 2,050 ಮೆಗಾವಾಟು ವಿದ್ಯುತ್ತನ್ನು ತೆಗೆಯುತ್ತಾರೆ. ಅಲ್ಲಿಯ ರೈತರು ನೆಲವನ್ನು ಮಾರಲಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಗಳಿಂದ ಆರಂಭವಾಗುವ ಗುತ್ತಿಗೆಗೆ ಕೊಟ್ಟರು. ಯಾವುದು ತಮ್ಮದು, ಯಾವುದು ಎಷ್ಟು ಕಾಲ ಬೇರೆಯವರದು ಎಂಬುದು ಕರಾರಿನಲ್ಲಿದೆ. ಕಾರಿನ ಕರಾರು ಹಾಗಿಲ್ಲ. ಕೊಂಡೆವೆಂದು ನಂಬಿದವರಿಗೆ ಕೆಲವು ವರ್ಷಗಳಾದಮೇಲೆ ಸಂಪರ್ಕ ಸೇವೆಗೆ ಚಂದಾ ಕಟ್ಟಿರೆಂಬ ಸೂಚನೆ ಬರುತ್ತದೆ. ಹಿಂದೆ ರೇಡಿಯೋ ಇಟ್ಟುಕೊಂಡವರೆಲ್ಲ ವರ್ಷಕ್ಕೊಮ್ಮೆ ಅಂಚೆ ಕಚೇರಿಗೆ ಹೋಗಿ ಲೈಸೆನ್ಸಿನ ಹಣ ಕಟ್ಟುತ್ತಿದ್ದುದು ನಮ್ಮ ವಯಸ್ಸಿನ ಶ್ರೋತೃಗಳಿಗೆ ನೆನಪಿರಬಹುದು. 1980ರ ದಶಕದಲ್ಲಿ ಆ ಕಾಟ ತಪ್ಪಿತು. ಆದರೆ ಹಣ ಕಟ್ಟುವುದು ತಡವಾಯಿತೆಂದು ರೇಡಿಯೋದ ಗುಂಡಿಗಳನ್ನು ದೂರದಿಂದ ಬಿಗಿಯುವ ವಿದ್ಯೆ ಅಂಚೆಯವರಿಗೆ ತಿಳಿದಿರಲಿಲ್ಲ. 2022ರಲ್ಲಿ ಜರ್ಮನಿಯ ಬಿಎಂಡಬ್ಲ್ಯು ಸಂಸ್ಥೆ ಗಾಡಿಯಲ್ಲಿ ಅದಾಗಲೇ ಜೋಡಿಸಿದ್ದ ಬಿಸಿಯಾಗುವ ಆಸನಕ್ಕೆ ಕೆಲವು ದೇಶಗಳಲ್ಲಿ ತಿಂಗಳ ಚಂದಾ ಕೇಳಿ, ಜನ ರೇಗಿದಮೇಲೆ ಮರುವರ್ಷ ಕೈಬಿಟ್ಟಿತು. ತುಮಕೂರಿನಲ್ಲಿ ಆಸನ ಬಿಸಿಯಾಗಲು ಚಂದಾ ಬೇಕಾಗಿಲ್ಲ. ಮಾರ್ಚಿನ ಬಿಸಿಲಿನಲ್ಲಿ ಅರ್ಧ ಗಂಟೆ ನಿಲ್ಲಿಸಿದರೆ ಸಾಕು.

ಹೊಸ ಗಾಡಿಯ ಮಾತಾಯಿತು. ಹತ್ತು ಹದಿನೈದು ವರ್ಷ ತುಂಬಿ, ತಯಾರಕನು ಅಪ್‌ಡೇಟನ್ನು ನಿಲ್ಲಿಸಿದ ಗಾಡಿಯ ಗತಿಯೇನು? ರೇವಾ ಕಾರಿನ ಸೀಸದ ಬ್ಯಾಟರಿ ಸತ್ತರೆ ಬೇರೆಯದನ್ನು ತಂದು ಕೂರಿಸಬಲ್ಲ ಬ್ಯಾಟರಿ ಅಂಗಡಿಗಳು ಊರೂರಿನಲ್ಲಿದ್ದುವು. ಈಗಿನ ಬ್ಯಾಟರಿಯನ್ನು ಬದಲಿಸಿದರೂ ಗಾಡಿಯ ಗಣಕವು ಅದನ್ನು ತನ್ನದೆಂದು ಒಪ್ಪಿಕೊಳ್ಳಬೇಕು. ಒಪ್ಪಿಸುವ ಬೀಗದಕೈ ತಯಾರಕನ ಬಳಿ. ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈಯಲ್ಲಿ ರಿಪೇರಿಯ ಹಕ್ಕನ್ನು ಕುರಿತು ಸಮಿತಿಯೊಂದನ್ನು ನೇಮಿಸಿ, ಕೃಷಿ ಯಂತ್ರ, ಮೊಬೈಲು, ಗೃಹೋಪಕರಣಗಳ ಜೊತೆಗೆ ಮೋಟಾರು ವಾಹನಗಳನ್ನೂ ಅದರ ವ್ಯಾಪ್ತಿಗೆ ಸೇರಿಸಿತು. ಅದೇ ವರ್ಷದ ಡಿಸೆಂಬರ್ 24ರಂದು ಅದಕ್ಕಾಗಿ ಜಾಲತಾಣವನ್ನೂ ತೆರೆಯಿತು. ಬಿಡಿಭಾಗ, ಕೈಪಿಡಿಗಳ ಜೊತೆಗೆ ಈ ಬೀಗದಕೈಯ ಪ್ರಸ್ತಾಪವೂ ಅಲ್ಲಿ ಗಟ್ಟಿಯಾಗಿ ಆಗಬೇಕಾಗಿದೆ.

ಅಂಗಳದ ಆಚೆಗೆ, ಹೆದ್ದಾರಿಯ ಬದಿಯಲ್ಲಿಯೇ, ಲಾರಿಗಳ ಇಂಜಿನ್ನು ಬಿಚ್ಚಿ ಜೋಡಿಸುವುದರಲ್ಲಿ ಕೈಪಳಗಿದ ಮೆಕ್ಯಾನಿಕ್ ಒಬ್ಬರ ಶೆಡ್ಡಿದೆ. ಚಾರ್ಜು ತುಂಬುವವರೆಗೆ ಅವರೂ ಬಂದು ನಮ್ಮ ಮಾತಿಗೆ ಕಿವಿಗೊಟ್ಟಿದ್ದರು. ‘ನಿಮ್ಮ ಮಗ ಈ ಕಸುಬನ್ನೇ ಮುಂದುವರಿಸುವನೆ?’ ಎಂದು ನಾನು ಕೇಳಿದೆ. ‘ಐಟಿಐಗೆ ಹಾಕಿದೀನಿ ಸಾಮಿ, ಇವಿ ಕೋರ್ಸೂ ಕಲೀತಾವ್ನೆ’ ಎಂದರು. ಬಳಿಕ ತೆಂಗಿನ ಯಜಮಾನರ ಕಾರಿನ ಬಾನೆಟ್ಟಿನ ಮೇಲೆ ಕೈಯಿಟ್ಟು, ‘ಬಿಚ್ಚಕ್ಕೇನು, ನಾನೂ ಬಿಚ್ತೀನಿ, ಅವ್ನೂ ಬಿಚ್ತಾನೆ. ಪಾಸ್‌ವರ್ಡ್ ಯಾರ ಹತ್ರ ಕೇಳೋದು ಅಂತ ಅವ್ರ ಮೇಷ್ಟ್ರಿಗೂ ಗೊತ್ತಿಲ್ವಂತೆ’ ಎಂದರು.